ಗ್ಲೈಡರೂ ಗಾಜಿನ ಪಾಟಿಯೂ

ಬೇಸಗೆಯ ಮಧ್ಯಾಹ್ನಗಳಲ್ಲಿ ಊಟ ತೀರಿದ ಮೇಲೆ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಆಕಾಶವನ್ನು ನೋಡುತ್ತಿರುವುದು ನಮಗೆ ಬಹುಕಾಲದ ರೂಢಿ. ನಮ್ಮ ಮುನಿರಾಬಾದಿನಲ್ಲಿ ಈ ನೋಟಕ್ಕೆ ವಿಶೇಷವಾದ ಅನುಕೂಲವುಂಟು. ಒಂದು ಮಗ್ಗುಲಿಗೆ ತುಂಗಭದ್ರೆಯ ವಿಶಾಲವಾದ ಜಲಾಶಯ. ಇನ್ನೊಂದು ಮಗ್ಗುಲಿಗೆ ಬಿಸಿಲಿನಲ್ಲಿ ಕಾದು ಹೆಂಚಿನಂತಾಗುವ ಬಂಡೆಗಲ್ಲಿನ ಗುಡ್ಡಗಳು. ಬೆಳಗಿನಲ್ಲಿ ರೆಕ್ಕೆ ಬಡಿಯುತ್ತ ಶ್ರಮದಿಂದ ಹಾರುವ ಹದ್ದುಗಳು, ಹೊತ್ತೇರಿದಂತೆ ಆ ಗುಡ್ಡಗಳ ಮೇಲಕ್ಕೆ ಬಂದು, ರೆಕ್ಕೆಗಳನ್ನು ಹಲಗೆಯಂತೆ ಚಾಚಿ, ಅವನ್ನು ಒಂದು ಸಲವೂ ಬಡಿಯದೆ, ಸುತ್ತು ಸುತ್ತುತ್ತ ಮೇಲೇರಿ ಕಡೆಗೆ ಕಣ್ಣಿಗೆ ಚುಕ್ಕೆಗಳಾಗಿ ತೋರುತ್ತವೆ. ಎತ್ತರಕ್ಕೆ ಏರಬೇಕಾದಾಗ ಅವು ಆರಿಸಿಕೊಳ್ಳುವುದು ಗುಡ್ಡವನ್ನೇ ಹೊರತು ನೀರಿನ ಹರವನ್ನಲ್ಲ.

ಇದಕ್ಕೆ ಕಾರಣವು ಸರಳವಾದುದು. ಬಂಡೆಯು ಬಿಸಿಲಿಗೆ ಬೇಗನೆ ಕಾಯುತ್ತದೆ; ನೀರು ನಿಧಾನವಾಗಿ ಕಾಯುತ್ತದೆ. ಕಾದ ಬಂಡೆಯ ಮೇಲಿನ ಗಾಳಿಯು ತಾನೂ ಕಾದು, ಹಗುರವಾಗಿ, ಕಂಬದಂತೆ ಮೇಲಕ್ಕೇರುತ್ತದೆ. ಹದ್ದು ಆ ಏರುಗಾಳಿಯೊಳಗೆ ಸುತ್ತುತ್ತಿದ್ದರೆ ಸಾಕು, ಗಾಳಿಯೇ ಅದನ್ನು ಹೊತ್ತೊಯ್ಯುವುದು. ಮೇಲೇರಿದ ಬಳಿಕ ಅದು ಬೇಕಾದ ದಿಕ್ಕಿಗೆ ಜಾರುತ್ತ ಹೋಗಿ, ಎತ್ತರವು ಕರಗುವಷ್ಟರಲ್ಲಿ ಇನ್ನೊಂದು ಏರುಗಾಳಿಯನ್ನು ಹುಡುಕಿಕೊಳ್ಳುತ್ತದೆ. ಹದ್ದಿನ ಈ ವಿದ್ಯೆಯನ್ನೇ ಮನುಷ್ಯನು ಕಲಿತು ಕಟ್ಟಿದ ಇಂಜಿನಿಲ್ಲದ ವಿಮಾನಕ್ಕೆ ಗ್ಲೈಡರ್ ಎಂದು ಹೆಸರು.

ಈ ವಿಷಯವನ್ನು ಕುರಿತು ಬರೆಯಬೇಕೆಂಬ ಬಯಕೆ ನಮ್ಮಲ್ಲಿ ಹುಟ್ಟಿದ್ದು ಕಳೆದ ಬೇಸಗೆಯಲ್ಲಿ. ನಮ್ಮ ಹಳೆಯ ಶಿಷ್ಯನೊಬ್ಬನು ಜರ್ಮನಿ ದೇಶದಲ್ಲಿ ಉದ್ಯೋಗದಲ್ಲಿದ್ದಾನೆ. ರಜೆಯಲ್ಲಿ ಊರಿಗೆ ಬಂದವನು ತಾಯಿಯನ್ನು ಕರೆದುಕೊಂಡು ನಮ್ಮ ಮನೆಗೂ ಬಂದನು. ಭಾನುವಾರಗಳಂದು ತಾನು ಅಲ್ಲಿ ಗ್ಲೈಡರ್ ಹಾರಿಸುತ್ತಿರುವುದಾಗಿ ಅವನು ಹೇಳುತ್ತಲೇ ಆ ತಾಯಿಯ ಮುಖವು ಬಾಡಿತು. “ಮಾಸ್ತರ, ನೀವಾದರೂ ಇವಗ ಬುದ್ಧಿ ಹೇಳ್ರಿ. ಇಂಜಿನ್ನೇ ಇಲ್ಲದ ವಿಮಾನದಾಗ ಕೂಡ್ತಾನಂತ. ನಡುವ ಗಾಳಿ ನಿಂತರ ಏನು ಗತಿ?” ಎಂದು ಆಕೆ ನಮ್ಮನ್ನು ಕೇಳಿದಳು.

ಶಿಷ್ಯನು ನಗುತ್ತ ಚೀಲದಿಂದ ಒಂದು ಟ್ಯಾಬ್ಲೆಟ್ಟನ್ನು ತೆಗೆದನು. ಟ್ಯಾಬ್ಲೆಟ್ಟೆಂದರೆ ಗುಳಿಗೆಯೆಂದು ಮಾತ್ರ ತಿಳಿದಿದ್ದ ಕಾಲದವರು ನಾವು. ಆದರೆ ಈಗ ಮನೆಮನೆಯ ಮಕ್ಕಳ ಕೈಯಲ್ಲಿಯೂ ಈ ಸಾಧನವನ್ನು ಕಾಣುತ್ತೇವೆ. ಆಕಾರದಲ್ಲಿ ಅದು ನಾವು ಮೊದಲು ಅಕ್ಷರ ತಿದ್ದಿದ ಪಾಟಿಯಂತೆಯೇ ಇದೆ. “ಗುರುಗಳೆ, ಗ್ಲೈಡರಿನಲ್ಲಿ ನನಗೆ ದಾರಿ ತೋರುವುದು ಇದೇ,” ಎಂದು ಅವನು ಅದನ್ನು ನಮ್ಮ ಮುಂದಿಟ್ಟನು. ಆ ದಿನ ಎರಡು ತಾಸು ನಡೆದ ಮಾತುಕತೆಯ ಸಾರವನ್ನು, ನಾವು ಬಳಿಕ ಓದಿ ತಿಳಿದ ಸಂಗತಿಗಳನ್ನು ಕೂಡಿಸಿ, ವಾಚಕರ ಮುಂದಿಡುತ್ತೇವೆ.

ಮೊದಲು ಆ ತಾಯಿಯ ಪ್ರಶ್ನೆಗೆ ಉತ್ತರವನ್ನು ಹೇಳಬೇಕು. ಗಾಳಿಯು ಬೀಸದೆ ಇದ್ದರೆ ಗ್ಲೈಡರು ಕಲ್ಲಿನಂತೆ ಬೀಳುವುದಿಲ್ಲ. ಇಳಿಜಾರಿನಲ್ಲಿ ಬಿಟ್ಟ ಬಂಡಿಯು ಎತ್ತುಗಳಿಲ್ಲದೆಯೂ ಉರುಳುವಂತೆ, ಗ್ಲೈಡರು ತನ್ನ ಭಾರದಿಂದಲೇ ಗಾಳಿಯಲ್ಲಿ ಮುಂದುಮುಂದಕ್ಕೆ ಜಾರುತ್ತಿರುತ್ತದೆ. ಅದರ ರೆಕ್ಕೆಗಳು ನೀಳವಾಗಿಯೂ ಮೈಯು ನುಣುಪಾಗಿಯೂ ಇರುವುದರಿಂದ ಆ ಇಳಿಜಾರು ಅತ್ಯಂತ ಸೌಮ್ಯವಾದುದು. ಈಗಿನ ಒಳ್ಳೆಯ ಗ್ಲೈಡರು ಒಂದು ಮೀಟರು ಕೆಳಗಿಳಿಯುವಷ್ಟರಲ್ಲಿ 40 ಮೀಟರು, ಕೆಲವು 50 ಮೀಟರಿಗೂ ಮಿಗಿಲಾಗಿ ಮುಂದೆ ಹೋಗುತ್ತವೆ. ಮೊದಲಿಗೆ ಅದನ್ನು ಇನ್ನೊಂದು ವಿಮಾನವು ಹಗ್ಗದಿಂದ ಎಳೆದೊಯ್ದು ಬಿಡಬೇಕು, ಇಲ್ಲವೆ ನೆಲದ ಮೇಲಿನ ರಾಟೆಯಂತ್ರವು ತಂತಿಯನ್ನು ವೇಗವಾಗಿ ಸುತ್ತಿ ಗಾಳಿಪಟದಂತೆ ಮೇಲಕ್ಕೇರಿಸಬೇಕು. ಅಲ್ಲಿಂದ ಮುಂದೆ ಚಾಲಕನ ಜಾಣ್ಮೆ; ಸೂರ್ಯನ ಕೃಪೆ.

ಈ ವಿದ್ಯೆಗೆ ನೂರಾರು ವರ್ಷಗಳ ಇತಿಹಾಸವಿಲ್ಲದಿದ್ದರೂ ತ್ಯಾಗದ ಇತಿಹಾಸವುಂಟು. ಜರ್ಮನಿಯ ಆಟೋ ಲಿಲಿಯೆಂಥಾಲನೆಂಬ ಮಹನೀಯನು ಕೊಕ್ಕರೆಗಳ ರೆಕ್ಕೆಗಳನ್ನು ಅಭ್ಯಸಿಸಿ, ತಾನೇ ರೆಕ್ಕೆಗಳನ್ನು ಕಟ್ಟಿಕೊಂಡು, ಗುಡ್ಡದ ಮೇಲಿನಿಂದ ಸಾವಿರಕ್ಕೂ ಹೆಚ್ಚು ಸಲ ತೇಲಿದನು. 1896ನೆಯ ಇಸವಿಯ ಆಗಸ್ಟಿನಲ್ಲಿ ಹಾಗೆ ತೇಲುತ್ತಿರುವಾಗಲೇ ಬಿದ್ದು ಪ್ರಾಣವನ್ನು ಕಳೆದುಕೊಂಡನು. ಅಮೆರಿಕದ ರೈಟ್ ಸಹೋದರರು ಇಂಜಿನನ್ನು ಜೋಡಿಸುವುದಕ್ಕೆ ಮೊದಲು 1900ರಿಂದ 1902ರ ವರೆಗೆ ಗ್ಲೈಡರುಗಳಿಂದಲೇ ಪಾಠ ಕಲಿತರು. ಮೊದಲನೆಯ ಮಹಾಯುದ್ಧದಲ್ಲಿ ಸೋತ ಜರ್ಮನಿಗೆ ಇಂಜಿನಿನ ವಿಮಾನಗಳ ಮೇಲೆ ನಿರ್ಬಂಧ ಬೀಳಲು, ಅಲ್ಲಿನ ತರುಣರು 1920ರಲ್ಲಿ ವಾಸರ್‌ಕುಪ್ಪೆ ಎಂಬ ಗುಡ್ಡದ ಮೇಲೆ ನೆರೆದು ಇಂಜಿನಿಲ್ಲದ ಹಾರಾಟದ ಸ್ಪರ್ಧೆಗಳನ್ನು ಆರಂಭಿಸಿದರು. ಅಡ್ಡಿಯೇ ವಿದ್ಯೆಗೆ ತಾಯಿಯಾಯಿತೆನ್ನಬೇಕು.

ಕರ್ನಾಟಕಕ್ಕೂ ಇದರಲ್ಲಿ ಪಾಲುಂಟು. 1940ರ ಡಿಸೆಂಬರಿನಲ್ಲಿ ಮೈಸೂರು ಸಂಸ್ಥಾನದ ಆಶ್ರಯದಿಂದ ಬೆಂಗಳೂರಿನಲ್ಲಿ ಹುಟ್ಟಿದ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ ಯುದ್ಧಕಾಲದಲ್ಲಿ ಡಾಕ್ಟರ್ ವಿ. ಎಂ. ಘಾಟಗೆಯವರು ರೂಪಿಸಿದ್ದು ಹತ್ತು ಮಂದಿ ಕೂರಬಹುದಾದ ಒಂದು ಗ್ಲೈಡರನ್ನು. ಜರ್ಮನಿಯಲ್ಲಿ ಪ್ರಾಂಟ್ಲ್ ಎಂಬ ಮಹಾವಿಜ್ಞಾನಿಯ ಬಳಿ ವಿದ್ಯಾಭ್ಯಾಸ ಮಾಡಿ ಬಂದ ಘಾಟಗೆಯವರು ಮುಂದೆ ನಮ್ಮ ದೇಶದ ವಿಮಾನ ನಿರ್ಮಾಣದ ಹಿರಿಯರಲ್ಲಿ ಒಬ್ಬರೆನಿಸಿದರು.

ಸಂಸ್ಕೃತವನ್ನು ಓದಿದ ನಮಗೆ ಹೆಚ್ಚು ಸಂತೋಷವನ್ನು ಕೊಟ್ಟುದು ಇನ್ನೊಂದು ಸಂಗತಿ. ಸ್ವಾತಂತ್ರ್ಯಾನಂತರ ಭಾರತ ಸರಕಾರದ ನಾಗರಿಕ ವಿಮಾನಯಾನ ಇಲಾಖೆಯವರು ಒಂದರ ಹಿಂದೊಂದು ಗ್ಲೈಡರುಗಳನ್ನು ನಿರ್ಮಿಸಿ ಅವಕ್ಕೆ ನಕ್ಷತ್ರಗಳ ಹೆಸರುಗಳನ್ನಿಟ್ಟರು. 1958ರಲ್ಲಿ ಅಶ್ವಿನಿ, 1961ರಲ್ಲಿ ರೋಹಿಣಿ, 1963ರಲ್ಲಿ ಕಾರ್ತಿಕ, 1965ರಲ್ಲಿ ಭರಣಿ, 1970ರಲ್ಲಿ ಮೃಗಶಿರ, 1979ರಲ್ಲಿ ಆರ್ದ್ರಾ ಎಂಬವು ಮೊದಲ ಸಲ ಹಾರಿದವು. ಪಂಚಾಂಗದ ಕ್ರಮವು ಸ್ವಲ್ಪ ತಪ್ಪಿದೆಯಾದರೂ ಮಾಲೆಯಲ್ಲಿ ಮಣಿಗಳು ಸರಿಯಾಗಿಯೇ ಇವೆ. ಆರ್ದ್ರಾ ಗ್ಲೈಡರುಗಳು ಎನ್.ಸಿ.ಸಿ.ಯ ವಿಮಾನದಳದ ವಿದ್ಯಾರ್ಥಿಗಳ ಶಿಕ್ಷಣಕ್ಕಾಗಿ ತಯಾರಾದವು. ನಮ್ಮ ರೈತರು ಮಳೆಯನ್ನು ಲೆಕ್ಕ ಹಾಕುವ ನಕ್ಷತ್ರಗಳು ಇವೇ ಅಲ್ಲವೆ? ಭರಣಿ ಸುರಿದರೆ ಧರಣಿಯೆಲ್ಲ ಬೆಳೆ ಎನ್ನುವ ಒಕ್ಕಲಿಗನೂ, ಭರಣಿಯಲ್ಲಿ ಕುಳಿತು ಏರುಗಾಳಿಯನ್ನು ಅರಸುವ ಚಾಲಕನೂ ಆಕಾಶವನ್ನು ನೋಡಿ ಬಾಳುವವರೇ.

ಇದು ಹಾಗಿರಲಿ, ಪ್ರಕೃತ ವಿಷಯಕ್ಕೆ ಬರೋಣ. ಇಂಜಿನುಳ್ಳ ವಿಮಾನದ ಚಾಲಕನು ಎಣ್ಣೆ ಎಷ್ಟಿದೆಯೆಂದು ನೋಡಿಕೊಳ್ಳುತ್ತಾನೆ. ಗ್ಲೈಡರಿನ ಚಾಲಕನಿಗೆ ಎತ್ತರವೇ ಎಣ್ಣೆ. ಆದುದರಿಂದ ಅವನ ಮನಸ್ಸಿನಲ್ಲಿ ಮೂರು ಪ್ರಶ್ನೆಗಳು ಬಿಡದೆ ತಿರುಗುತ್ತಿರುತ್ತವೆ: ನಾನು ಈಗ ಎಲ್ಲಿದ್ದೇನೆ? ಗಾಳಿಯು ನನ್ನನ್ನು ಯಾವ ಕಡೆಗೆ ತಳ್ಳುತ್ತಿದೆ? ಈ ಎತ್ತರದಿಂದ ನಾನು ಮನೆಯನ್ನು ಮುಟ್ಟಬಲ್ಲೆನೆ?

ಹಿಂದಿನ ಚಾಲಕರು ಇವಕ್ಕೆ ಉತ್ತರ ಹೇಳಿಕೊಳ್ಳುತ್ತಿದ್ದುದು ತೊಡೆಯ ಮೇಲೆ ಹರಡಿದ ಕಾಗದದ ನಕ್ಷೆ, ದಿಕ್ಸೂಚಿ, ಗಡಿಯಾರಗಳಿಂದ. 1920ರ ದಶಕದ ಕೊನೆಯಲ್ಲಿ ವೇರಿಯೋಮೀಟರೆಂಬ ಉಪಕರಣವು ಬಳಕೆಗೆ ಬಂದು, ಗ್ಲೈಡರು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ಮುಳ್ಳಿನಿಂದ ತೋರಿಸತೊಡಗಿತು. ಮೋಡದ ಕೆಳಗಿನ ಕಾಣದ ಗಾಳಿಗೆ ಕಣ್ಣು ಬಂದಂತಾಯಿತು. ಅಮೆರಿಕದ ಪಾಲ್ ಮೆಕ್ರೀಡಿಯೆಂಬವರು 1940ರ ದಶಕದ ಕೊನೆಗೆ ಆ ಉಪಕರಣದ ಸುತ್ತ ಒಂದು ತಿರುಗುವ ಬಳೆಯನ್ನು ಜೋಡಿಸಿ, ಒಂದು ಏರುಗಾಳಿಯಿಂದ ಇನ್ನೊಂದಕ್ಕೆ ಯಾವ ವೇಗದಲ್ಲಿ ಹೋದರೆ ಲಾಭವೆಂಬುದನ್ನು ಅದರಿಂದಲೇ ತಿಳಿಯುವಂತೆ ಮಾಡಿದರು. 1956ರಲ್ಲಿ ಅವರೇ ಜಗತ್ತಿನ ಗ್ಲೈಡರ್ ಸ್ಪರ್ಧೆಯಲ್ಲಿ ಗೆದ್ದರು. ಸ್ಪರ್ಧೆಯಲ್ಲಿ ಇಂಥ ಊರನ್ನು ಸುತ್ತಿ ಬಂದೆನೆಂದು ಹೇಳುವವನು ಕ್ಯಾಮರಾದಿಂದ ಆ ಊರಿನ ಚಿತ್ರವನ್ನು ಮೇಲಿನಿಂದ ತೆಗೆದು ತಂದು ತೋರಿಸಬೇಕಾಗಿತ್ತು.

ಕಾಲವು ಬದಲಾದುದು ಕೃತಕ ಉಪಗ್ರಹಗಳಿಂದ. ಅಮೆರಿಕದವರ ಜಿ.ಪಿ.ಎಸ್. ಎಂಬ ವ್ಯವಸ್ಥೆಯ ಮೊದಲ ಉಪಗ್ರಹವು 1978ರಲ್ಲಿ ಮೇಲೇರಿತು. 1995ರಲ್ಲಿ ವ್ಯವಸ್ಥೆಯು ಪೂರ್ಣವಾಯಿತೆಂದು ಸಾರಲಾಯಿತು. ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಭೂಮಿಯನ್ನು ಸುತ್ತುವ ಈ ಉಪಗ್ರಹಗಳು ಕನಿಷ್ಠ 24 ಇರಬೇಕೆಂದು ನಿಯಮ. ಪ್ರತಿಯೊಂದೂ ತಾನಿರುವ ಸ್ಥಾನವನ್ನೂ ಆ ಕ್ಷಣದ ಕಾಲವನ್ನೂ ರೇಡಿಯೋ ಅಲೆಗಳ ಮೂಲಕ ಸಾರುತ್ತಿರುತ್ತದೆ. ಆ ಅಲೆಯು ನಮ್ಮನ್ನು ಮುಟ್ಟಲು ಹಿಡಿದ ಕಾಲದಿಂದ ಉಪಗ್ರಹದ ದೂರವು ತಿಳಿಯುತ್ತದೆ. ನಾಲ್ಕು ಉಪಗ್ರಹಗಳ ದೂರ ತಿಳಿದರೆ ನಾವಿರುವ ತಾಣವೂ ಎತ್ತರವೂ ಸರಿಯಾದ ಹೊತ್ತೂ ತಿಳಿಯುತ್ತವೆ. ಅಲೆಯ ವೇಗವು ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರು. ಆದುದರಿಂದ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ ಲೆಕ್ಕದಲ್ಲಿ 300 ಮೀಟರು ತಪ್ಪುತ್ತದೆ. ಇಂಥ ಸೂಕ್ಷ್ಮವನ್ನು ಸಾಧಿಸಲು ಆ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳಿವೆ. ಸಾರ್ವಜನಿಕರ ಉಪಯೋಗದಲ್ಲಿ ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನು ಅಮೆರಿಕದ ಸರಕಾರವು 2000ನೆಯ ಇಸವಿಯ ಮೇ ತಿಂಗಳಿನಲ್ಲಿ ತೆಗೆದುಹಾಕಿದ ಮೇಲೆ, ಸಾಮಾನ್ಯ ಸಾಧನಗಳೂ ಕೆಲವೇ ಮೀಟರುಗಳ ಅಂತರದಲ್ಲಿ ನಿಜವನ್ನು ಹೇಳತೊಡಗಿದವು.

ಭಾರತವೂ ಹಿಂದೆ ಬೀಳಲಿಲ್ಲ. 2013ರಿಂದ ಹಾರಿಸತೊಡಗಿದ ನಮ್ಮ ಸ್ವಂತ ಉಪಗ್ರಹಮಾಲೆಗೆ 2016ರಲ್ಲಿ ನಾವಿಕ್ ಎಂದು ಹೆಸರಾಯಿತು. ನಾವೆಯನ್ನು ನಡೆಸುವವನೇ ನಾವಿಕನಷ್ಟೆ. ಬೆಂಗಳೂರಿನ ಬಳಿಯ ಬ್ಯಾಲಾಳಿನಲ್ಲಿ ಇದರ ಕೇಂದ್ರವು 2013ರಲ್ಲಿ ಆರಂಭವಾಯಿತು. ಜಿ.ಪಿ.ಎಸ್. ಹೇಳಿದ ತಾಣದ ತಪ್ಪನ್ನು ತಿದ್ದಿ ವಿಮಾನಗಳಿಗೆ ತಿಳಿಸುವ ಇನ್ನೊಂದು ವ್ಯವಸ್ಥೆಯ ಹೆಸರು ಗಗನ್. ಅದರ ಪ್ರಧಾನ ನಿಯಂತ್ರಣವೂ ಬೆಂಗಳೂರಿನಲ್ಲಿಯೇ. ಮೊದಲು ಹುಟ್ಟಿದ್ದು ನಕ್ಷತ್ರಗಳ ಹೆಸರಿನ ಗ್ಲೈಡರು. ಬಳಿಕ ಬಂದದ್ದು ಆಕಾಶದ ಹೆಸರಿನ ದಾರಿಗುರುತು.

ಈಗ ಪಾಟಿಯ ಮಾತು. ಶಿಷ್ಯನು ತೋರಿಸಿದ ಟ್ಯಾಬ್ಲೆಟ್ಟಿನಲ್ಲಿದ್ದ ತಂತ್ರಾಂಶದ ಹೆಸರು ಎಕ್ಸ್‌ಸಿಸೋರ್. ಅದನ್ನು ಅನೇಕ ದೇಶಗಳ ಹವ್ಯಾಸಿಗಳು ಕೂಡಿ ಬರೆದು ತಿದ್ದುತ್ತ ಬಂದಿರುವರು, ಅದರ ಒಳಗುಟ್ಟೆಲ್ಲ ಬಹಿರಂಗ, ಬೆಲೆಯಿಲ್ಲ, ಯಾರೂ ಉಪಯೋಗಿಸಬಹುದು. ವಿದ್ಯಾದಾನವೆಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಈ ಕಾಲದಲ್ಲಿ ನಾವು ಹೆಚ್ಚಾಗಿ ಕಂಡಿಲ್ಲ. ಸ್ಲೊವೇನಿಯ ದೇಶದವರ ಸೀಯೂ ಮುಂತಾದ, ಹಣ ಕೊಟ್ಟು ಕೊಳ್ಳುವ ತಂತ್ರಾಂಶಗಳೂ ಇವೆ. ಹಾರದೆಯೇ ಅಭ್ಯಾಸ ಮಾಡುವ ಏರ್ಪಾಡು ಎಕ್ಸ್‌ಸಿಸೋರಿನಲ್ಲಿ ಇರುವುದರಿಂದ, ನಮ್ಮ ಕಟ್ಟೆಯ ಮೇಲೆ ಕುಳಿತಂತೆಯೇ ಶಿಷ್ಯನು ಕಲ್ಪನೆಯ ಗ್ಲೈಡರೊಂದನ್ನು ಕುಷ್ಟಗಿಯ ಮೇಲೆ ನಿಲ್ಲಿಸಿ, ಮುನಿರಾಬಾದಿಗೆ ಬರಲು ಎಷ್ಟು ಎತ್ತರ ಬೇಕೆಂದು ಅದನ್ನು ಕೇಳಿದನು.

“ತಡೆಯಪ್ಪ, ಅದು ಹೇಳುವುದಕ್ಕೆ ಮೊದಲು ನಾವು ಹೇಳುತ್ತೇವೆ,” ಎಂದು ನಾವು ಕಾಗದವನ್ನು ತೆಗೆದುಕೊಂಡೆವು. ಹಳೆಯ ಚಾಳಿ! ಕುಷ್ಟಗಿಯಿಂದ ಮುನಿರಾಬಾದಿಗೆ ಹಕ್ಕಿಯ ದಾರಿ ಸುಮಾರು 50 ಕಿಲೋಮೀಟರು. ಒಂದಕ್ಕೆ ನಲವತ್ತು ಜಾರುವ ಗ್ಲೈಡರಿಗೆ ಶಾಂತವಾದ ಗಾಳಿಯಲ್ಲಿ 1,250 ಮೀಟರು ಎತ್ತರ ಸಾಕು. ಆದರೆ ಎದುರುಗಾಳಿಯು ಗಂಟೆಗೆ 25 ಕಿಲೋಮೀಟರು ಬೀಸಿದರೆ? ಗ್ಲೈಡರಿನ ವೇಗವು ಗಂಟೆಗೆ 100 ಕಿಲೋಮೀಟರೆಂದು ಹಿಡಿದರೆ ನೆಲದ ಮೇಲೆ ಅದು ಸಾಗುವುದು 75 ಮಾತ್ರ. ಒಂದಕ್ಕೆ ನಲವತ್ತು ಎಂಬುದು ಒಂದಕ್ಕೆ ಮೂವತ್ತಾಯಿತು. ಈಗ ಬೇಕಾದ ಎತ್ತರ ಸುಮಾರು 1,670 ಮೀಟರು. ಇಳಿಯುವ ಮೊದಲು ಒಂದು ಸುತ್ತು ಹಾಕಲು ಕೈಯಲ್ಲಿರಬೇಕಾದ 300 ಮೀಟರು ಕೂಡಿಸಿದರೆ 1,970. ಇದೆಲ್ಲ ಮುನಿರಾಬಾದಿನ ನೆಲದಿಂದ ಅಳೆದ ಲೆಕ್ಕ. ಶಿಷ್ಯನು ಅದೇ ಗಾಳಿಯನ್ನೂ ಅದೇ ಮೀಸಲನ್ನೂ ಪಾಟಿಗೆ ಹೇಳಿದನು. ಅದರ ಉತ್ತರಕ್ಕೂ ನಮ್ಮ ಉತ್ತರಕ್ಕೂ ಕೊಂಚವೇ ಅಂತರ. ನಾವು ಹೆಮ್ಮೆಯಿಂದ ಕನ್ನಡಕವನ್ನು ಒರೆಸಿಕೊಳ್ಳುತ್ತಿರುವಷ್ಟರಲ್ಲಿ ಶಿಷ್ಯನು, “ಗುರುಗಳೆ, ತಾವು ಐದು ನಿಮಿಷ ತೆಗೆದುಕೊಂಡಿರಿ. ಇದು ಪ್ರತಿಯೊಂದು ಸೆಕೆಂಡಿಗೂ ಹೊಸದಾಗಿ ಈ ಲೆಕ್ಕವನ್ನು ಮಾಡುತ್ತದೆ,” ಎಂದನು. ಒಪ್ಪಲೇಬೇಕಾಯಿತು.

ಪಾಟಿಯು ಗಾಳಿಯನ್ನು ಅಳೆಯುವ ಬಗೆಯೂ ಸೊಗಸಾಗಿದೆ. ತುಂಗಭದ್ರೆಯಲ್ಲಿ ಹರಿಗೋಲು ಹತ್ತಿದವರಿಗೆ ಇದು ಸುಲಭವಾಗಿ ತಿಳಿಯುವುದು. ಹರಿಯುವ ನೀರಿನಲ್ಲಿ ಅಂಬಿಗನು ಹರಿಗೋಲನ್ನು ದೊಡ್ಡ ಸುತ್ತಿನಲ್ಲಿ ತಿರುಗಿಸಿದರೆ, ಹೊಳೆಯು ಹರಿಯುವ ಕಡೆಗೆ ಸಾಗುವಾಗ ದಡದ ಮರಗಳು ಬೇಗ ಹಿಂದೆ ಬೀಳುತ್ತವೆ. ಎದುರಿಗೆ ಸಾಗುವಾಗ ನಿಧಾನವಾಗಿ ಸರಿಯುತ್ತವೆ. ಈ ಎರಡು ವೇಗಗಳ ಅಂತರದಿಂದ ಹೊಳೆಯ ಸೆಳವನ್ನು ಲೆಕ್ಕ ಹಾಕಬಹುದು. ಗ್ಲೈಡರು ಏರುಗಾಳಿಯಲ್ಲಿ ಸುತ್ತುವಾಗ ಪಾಟಿಯು ಮಾಡುವುದೂ ಇದನ್ನೇ. ಸುತ್ತಿನ ಯಾವ ಮಗ್ಗುಲಲ್ಲಿ ವೇಗ ಹೆಚ್ಚು, ಯಾವ ಮಗ್ಗುಲಲ್ಲಿ ಕಡಿಮೆ ಎಂಬುದನ್ನು ಉಪಗ್ರಹಗಳಿಂದ ತಿಳಿದು, ಗಾಳಿಯ ದಿಕ್ಕನ್ನೂ ಬಲವನ್ನೂ ಹೇಳುತ್ತದೆ. ಅಷ್ಟೇ ಅಲ್ಲದೆ ಈಗಿರುವ ಎತ್ತರದಿಂದ ಸುತ್ತಲೂ ಎಲ್ಲಿಯ ವರೆಗೆ ಹೋಗಿ ಮುಟ್ಟಬಹುದೆಂಬುದನ್ನು ನಕ್ಷೆಯ ಮೇಲೆ ಒಂದು ಎಲ್ಲೆಯಾಗಿ ಬರೆದು ತೋರಿಸುತ್ತದೆ. ಗುಡ್ಡವು ಅಡ್ಡ ಬಂದರೆ ಎಲ್ಲೆಯು ಅಲ್ಲಿ ಒಳಸರಿಯುತ್ತದೆ. ದೊಡ್ಡ ವಿಮಾನಗಳಿಗಾಗಿ ಕಾಯ್ದಿಟ್ಟ, ಗ್ಲೈಡರುಗಳು ಹೊಗಬಾರದ ವಾಯುಪ್ರದೇಶಗಳನ್ನು ಬಣ್ಣದಿಂದ ಗುರುತಿಸುತ್ತದೆ.

ಇಷ್ಟು ಕೇಳಿದ ಮೇಲೆ ಆ ತಾಯಿಯ ಮುಖದಲ್ಲಿ ಸ್ವಲ್ಪ ಕಳೆ ಬಂದಿತು. “ಹಂಗಾದರ ಎಲ್ಲಾ ಅದೇ ನೋಡಿಕೊಂತದ ಅನ್ನು,” ಎಂದಳು. ಆಗ ಶಿಷ್ಯನು ಸುಮ್ಮನಾದನು. ಆಕೆ ಒಳಗೆ ನಮ್ಮ ಮನೆಯವರೊಡನೆ ಮಾತನಾಡಲು ಹೋದ ಬಳಿಕ, ತಗ್ಗಿದ ದನಿಯಲ್ಲಿ ನಮಗೆ ಒಂದು ಸಂಗತಿಯನ್ನು ಹೇಳಿದನು.

ಹಿಂದಿನ ವರ್ಷದ ಒಂದು ಮಧ್ಯಾಹ್ನ ಅವನು ಏರುಗಾಳಿಯೊಂದರಲ್ಲಿ ಸುತ್ತುತ್ತಿದ್ದನು. ಪಾಟಿಯ ಮೇಲೆ ನಕ್ಷೆಯು ಚಿಕ್ಕದಾಗಿ ಕಾಣುತ್ತಿದ್ದುದರಿಂದ ಅದನ್ನು ಹಿಗ್ಗಿಸಲು ಬೆರಳಾಡಿಸಿದನು. ಬೇರೆ ಪುಟವು ತೆರೆಯಿತು. ಅದನ್ನು ಮುಚ್ಚಲು ಮತ್ತೆ ಬೆರಳಾಡಿಸಿದನು. ತಲೆಯೆತ್ತಿದಾಗ ಬಿಳಿಯ ರೆಕ್ಕೆಯೊಂದು ಮುಚ್ಚಳದ ಗಾಜನ್ನೆಲ್ಲ ತುಂಬಿಕೊಂಡಂತೆ ಎದುರಿಗಿತ್ತು. ಇನ್ನೊಂದು ಗ್ಲೈಡರು ಅದೇ ಏರುಗಾಳಿಗೆ ಬಂದಿತ್ತು. ಅದರ ಚಾಲಕನು ಇವನನ್ನು ಕಂಡು ತಿರುಗಿಸಿಕೊಂಡುದರಿಂದ ಇಬ್ಬರೂ ಉಳಿದರು. “ಎಷ್ಟು ಹೊತ್ತು ತಲೆ ತಗ್ಗಿಸಿದ್ದೆ?” ಎಂದು ನಾವು ಕೇಳಿದೆವು. “ಹತ್ತು ಸೆಕೆಂಡು ಇದ್ದೀತು, ಗುರುಗಳೆ. ತಾಯಿಗೆ ಹೇಳಬೇಡಿ,” ಎಂದನು. ಗಂಟೆಗೆ 100 ಕಿಲೋಮೀಟರು ಹೋಗುವ ಗ್ಲೈಡರು ಹತ್ತು ಸೆಕೆಂಡಿನಲ್ಲಿ 275 ಮೀಟರಿಗಿಂತಲೂ ಹೆಚ್ಚು ದಾರಿಯನ್ನು ಕ್ರಮಿಸುತ್ತದೆ. ಎದುರಿನದೂ ಅಷ್ಟೇ ಕ್ರಮಿಸಿದರೆ ನಡುವಣ ಅರ್ಧ ಕಿಲೋಮೀಟರು ಇಲ್ಲವಾಗುತ್ತದೆ. ಈ ಲೆಕ್ಕವನ್ನು ಮಾಡಿದಾಗ ನಮಗೆ ಬೆನ್ನಿನಲ್ಲಿ ಚಳಿ ಹುಟ್ಟಿತು.

ಇಂಥ ಅಪಾಯವನ್ನು ತಗ್ಗಿಸುವುದಕ್ಕಾಗಿ 2004ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಫ್ಲಾರ್ಮ್ ಎಂಬ ಸಾಧನವು ಬಂದಿದೆ. ಪ್ರತಿಯೊಂದು ಗ್ಲೈಡರೂ ತನ್ನ ತಾಣವನ್ನೂ ಮುಂದೆ ಸಾಗುವ ದಾರಿಯನ್ನೂ ರೇಡಿಯೋದಿಂದ ಸಾರುತ್ತ, ಇನ್ನೊಂದರ ದಾರಿಯು ತನ್ನ ದಾರಿಯನ್ನು ಕೂಡುವಂತಿದ್ದರೆ ಚಾಲಕನನ್ನು ಎಚ್ಚರಿಸುತ್ತದೆ. ಆದರೆ ಆ ಸಾಧನವಿಲ್ಲದ ವಿಮಾನವನ್ನು ಅದು ಕಾಣದು. ಹದ್ದನ್ನಂತೂ ಕಾಣವೇ ಕಾಣದು. ಆದುದರಿಂದ ಹೊರಗೆ ನೋಡಿ ತಪ್ಪಿಸಿಕೊಳ್ಳುವುದೇ ಗ್ಲೈಡರಿನವರ ಮೊದಲನೆಯ ಧರ್ಮ. ಏರುಗಾಳಿಗೆ ಮೊದಲು ಬಂದವನು ಯಾವ ಕಡೆಗೆ ಸುತ್ತುತ್ತಿದ್ದಾನೋ ಬಳಿಕ ಬಂದವನೂ ಅದೇ ಕಡೆಗೆ ಸುತ್ತಬೇಕೆಂಬ ಅವರ ನಿಯಮವು, ದೇವಸ್ಥಾನದಲ್ಲಿ ಎಲ್ಲರೂ ಒಂದೇ ಕಡೆಗೆ ಪ್ರದಕ್ಷಿಣೆ ಬರುವಂತೆ, ಕಣ್ಣಿಗೆ ಕಣ್ಣು ಸಿಗುವುದಕ್ಕಾಗಿಯೇ ಇದೆ.

ಪಾಟಿಗೆ ದೇಹದ ದೋಷಗಳೂ ಉಂಟು. ಗ್ಲೈಡರಿನ ಚಾಲಕನ ಗೂಡು ಪಾರದರ್ಶಕವಾದ ಮುಚ್ಚಳದ ಕೆಳಗಿರುವುದರಿಂದ ನೆಲದ ಮೇಲೆ ನಿಂತಾಗಲೂ ತಗ್ಗಿನಲ್ಲಿ ಹಾರುವಾಗಲೂ ಒಲೆಯಂತೆ ಕಾಯುತ್ತದೆ. ಅನೇಕ ಟ್ಯಾಬ್ಲೆಟ್ಟುಗಳನ್ನು 35 ಡಿಗ್ರಿ ಸೆಲ್ಸಿಯಸಿನ ವರೆಗೆ ಮಾತ್ರ ಉಪಯೋಗಿಸಬೇಕೆಂದು ತಯಾರಕರೇ ಸೂಚಿಸಿರುತ್ತಾರೆ. ನಮ್ಮ ಕೊಪ್ಪಳ ಸೀಮೆಯ ಬೇಸಗೆಯಲ್ಲಿ ನೆರಳಿನ ಉಷ್ಣವೇ 40ನ್ನು ದಾಟುವುದುಂಟು. ಮಿತಿ ಮೀರಿ ಕಾದರೆ ಸಾಧನವು ತನ್ನನ್ನು ತಾನು ಕಾಪಾಡಿಕೊಳ್ಳಲು ಬೆಳಕನ್ನು ತಗ್ಗಿಸುತ್ತದೆ, ಇಲ್ಲವೆ ಆರಿಯೇ ಹೋಗುತ್ತದೆ. ಪ್ರಖರವಾದ ಬಿಸಿಲಿನಲ್ಲಿ ಪರದೆಯು ಕನ್ನಡಿಯಾಗಿ ಚಾಲಕನ ಮುಖವನ್ನೇ ಅವನಿಗೆ ತೋರಿಸುತ್ತದೆ; ಬೆಳಕನ್ನು ಹೆಚ್ಚಿಸಿದರೆ ಬ್ಯಾಟರಿಯು ಬೇಗನೆ ಮುಗಿಯುತ್ತದೆ. ಈ ಕಾರಣದಿಂದ ಕೆಲವರು ಪುಸ್ತಕ ಓದಲೆಂದು ಮಾಡಿದ, ಕಾಗದದಂತೆ ಕಾಣುವ ಪರದೆಯ ಸಾಧನದಲ್ಲಿ ಅದೇ ತಂತ್ರಾಂಶವನ್ನು ಉಪಯೋಗಿಸುತ್ತಾರೆ. ಇವೆಲ್ಲವನ್ನು ಬಲ್ಲ ಚಾಲಕನು ವೇಗ, ಎತ್ತರ, ಏರಿಳಿತಗಳನ್ನು ತೋರಿಸುವ ಹಳೆಯ ಮುಳ್ಳಿನ ಉಪಕರಣಗಳನ್ನೂ ದಿಕ್ಸೂಚಿಯನ್ನೂ ಕಾಗದದ ನಕ್ಷೆಯನ್ನೂ ಬಿಟ್ಟು ಮೇಲೇರನು.

ಎಲ್ಲಕ್ಕಿಂತ ಮಿಗಿಲಾದ ಮಾತೊಂದು ಉಳಿದಿದೆ. ಏರುಗಾಳಿ ಸಿಕ್ಕದೆ ಎತ್ತರವು ಕರಗಿದರೆ ಗ್ಲೈಡರು ಯಾವುದಾದರೊಂದು ಹೊಲದಲ್ಲಿ ಇಳಿಯಬೇಕಾಗುತ್ತದೆ. ಇದು ಅಪಘಾತವಲ್ಲ, ಆ ವಿದ್ಯೆಯ ಒಂದು ಭಾಗ. ಮುನಿರಾಬಾದಿನ ಮೇಲೆ ಗ್ಲೈಡರು ಹಾರುವುದನ್ನು ನಾವು ಕಂಡಿಲ್ಲವಾದರೂ, ಹಾರಿದುದೇ ಆದರೆ ಚಾಲಕನು ಎಲ್ಲಿ ಇಳಿದಾನು ಎಂದು ಶಿಷ್ಯನೊಡನೆ ಮನಸ್ಸಿನಲ್ಲಿಯೇ ಹುಡುಕಾಡಿದೆವು. ಗಂಗಾವತಿಯ ಕಡೆಗೆ ಸಮನಾದ ವಿಶಾಲವಾದ ಹಸುರು ಕಾಣುತ್ತದೆ. ಆದರೆ ಅದು ಕಾಲುವೆಯ ನೀರು ನಿಂತ ಭತ್ತದ ಗದ್ದೆ, ಚಕ್ರವು ಕೆಸರಿನಲ್ಲಿ ಹೂತುಹೋದೀತು. ಯಲಬುರ್ಗಿಯ ಕಡೆಯ ಎರೆಯ ಹೊಲಗಳು ಸುಗ್ಗಿಯಾದ ಬಳಿಕ ಒಳ್ಳೆಯವು. ಜೋಳವು ಆಳೆತ್ತರ ನಿಂತಾಗ ಒಳ್ಳೆಯವಲ್ಲ. ಗುಡ್ಡದ ಬುಡದಲ್ಲಿ ಕಲ್ಲು; ಊರ ಸಮೀಪದಲ್ಲಿ ವಿದ್ಯುತ್ತಿನ ತಂತಿ; ಮೇಲಿನಿಂದ ತಂತಿಯು ಕಾಣದು, ಕಂಬಗಳನ್ನು ನೋಡಿ ಊಹಿಸಬೇಕು. ಗದ್ದೆಯಲ್ಲಿ ಇಂದು ನೀರಿದೆಯೆ? ಹೊಲದಲ್ಲಿ ದನ ಮೇಯುತ್ತಿವೆಯೆ? ಇದನ್ನು ಯಾವ ಉಪಗ್ರಹವೂ ಆ ಪಾಟಿಗೆ ಹೇಳಿಕೊಡುವುದಿಲ್ಲ. ಆಗ ಬೇಕಾದುದು ಒಕ್ಕಲಿಗನ ಕಣ್ಣು. ಮನೆಗೆ ಮುಟ್ಟುತ್ತೇನೆಂದು ಪಾಟಿಯು ತೋರಿಸುವ ಗೆರೆಯನ್ನೇ ನಂಬಿ, ನಡುವೆ ಇಳಿಗಾಳಿಯು ಎತ್ತರವನ್ನು ನುಂಗುತ್ತಿದ್ದರೂ ಹೊಲವನ್ನು ಆರಿಸಿಕೊಳ್ಳದೆ ಹೋದವನಿಗೆ, ಕಡೆಯಲ್ಲಿ ಆರಿಸಲು ಏನೂ ಉಳಿದಿರುವುದಿಲ್ಲ.

ಇದನ್ನು ನಾವು ಅಷ್ಟು ನಿಶ್ಚಯವಾಗಿ ಹೇಳುವುದಕ್ಕೆ ನಮ್ಮದೇ ಒಂದು ಅನುಭವವೂ ಕಾರಣ. ನಮ್ಮದು ಆಕಾಶದ್ದಲ್ಲ, ನೆಲದ್ದು. ಒಂದು ರಾತ್ರಿ ಬಂಧುಗಳ ಮನೆಯ ಮದುವೆಗೆ ಕಾರಿನಲ್ಲಿ ಹೊರಟಿದ್ದೆವು. ಕಾರು ನಡೆಸುತ್ತಿದ್ದ ತರುಣನು ಫೋನಿನ ನಕ್ಷೆಯನ್ನು ನಂಬಿದ್ದನು. ನಾವು ಅವನನ್ನು ನಂಬಿದ್ದೆವು. ಹತ್ತಿರದ ದಾರಿಯೆಂದು ನಕ್ಷೆಯು ನಮ್ಮನ್ನು ಕಾಲುವೆಯ ಏರಿಯ ಮೇಲೆ ಹತ್ತಿಸಿತು. ಒಂದು ಕಡೆ ತುಂಬಿ ಹರಿಯುವ ನೀರು, ಇನ್ನೊಂದು ಕಡೆ ಆಳವಾದ ತಗ್ಗು, ನಡುವೆ ಒಂದೇ ಬಂಡಿಯ ಅಗಲದ ಮಣ್ಣುದಾರಿ. ಸ್ವಲ್ಪ ದೂರ ಹೋದ ಮೇಲೆ ಬೀಗ ಹಾಕಿದ ಕಬ್ಬಿಣದ ಗೇಟು! ಕಾರನ್ನು ತಿರುಗಿಸಲು ಜಾಗವಿಲ್ಲ. ನಾವು ಕೆಳಗಿಳಿದು ಲಾಟೀನು ಹಿಡಿದವರಂತೆ ಫೋನಿನ ದೀಪವನ್ನು ಹಿಡಿದು ಹಿಂದೆ ನಡೆಯುತ್ತ, ಕಾರನ್ನು ಅಂಗುಲ ಅಂಗುಲವಾಗಿ ಹಿಂದಕ್ಕೆ ತರಿಸಬೇಕಾಯಿತು. ಮುಹೂರ್ತವು ತಪ್ಪಿತು, ಪ್ರಾಣವು ಉಳಿಯಿತು. ಫೋನು ಸುಳ್ಳನ್ನು ಹೇಳಲಿಲ್ಲ. ದಾರಿಯು ಹತ್ತಿರದ್ದೇ ಆಗಿತ್ತು. ಆದರೆ ನಮ್ಮ ಕಾರಿಗೆ ತಕ್ಕುದಾಗಿರಲಿಲ್ಲ. ಆ ಏರಿಯನ್ನು ಹಗಲಿನಲ್ಲಿ ನೂರು ಸಲ ಕಂಡಿದ್ದ ನಾವು, ನಕ್ಷೆಯು ಹೇಳಿತೆಂಬ ಒಂದೇ ಕಾರಣದಿಂದ ಬಾಯಿ ಮುಚ್ಚಿಕೊಂಡಿದ್ದೆವಲ್ಲ ಎಂಬ ನಾಚಿಕೆಯು ಇಂದಿಗೂ ಹೋಗಿಲ್ಲ.

ಹೀಗೆಂದು ಪಾಟಿಯನ್ನು ಎಸೆಯಿರೆಂದು ನಾವು ಹೇಳುವುದಿಲ್ಲ. ಚಾಲಕನು ಮೊದಲು ಮಾಡುತ್ತಿದ್ದ ಎಷ್ಟೋ ಲೆಕ್ಕಗಳ ಹೊರೆಯನ್ನು ಅದು ಹೊತ್ತುಕೊಂಡಿದೆ. ದಾರಿ ತಪ್ಪಿ ನಿಷಿದ್ಧ ಪ್ರದೇಶವನ್ನು ಹೊಗುವ ಭಯವನ್ನು ಕಡಿಮೆ ಮಾಡಿದೆ. ಆದರೆ ಅದು ಉಳಿಸಿಕೊಟ್ಟ ಹೊತ್ತನ್ನು ಮತ್ತೆ ಅದನ್ನೇ ನೋಡುವುದರಲ್ಲಿ ಕಳೆದರೆ ಉಪಕಾರವು ಅಪಕಾರವಾಗುತ್ತದೆ. ನೆಲದ ಮೇಲೆಯೇ ಎಲ್ಲವನ್ನೂ ಸಿದ್ಧಪಡಿಸಿಕೊಳ್ಳಬೇಕು; ಮೇಲೇರಿದ ಮೇಲೆ ಪಾಟಿಯತ್ತ ಒಂದು ಕುಡಿನೋಟ ಮಾತ್ರ; ಉಳಿದ ಹೊತ್ತೆಲ್ಲ ಕಣ್ಣು ಹೊರಗೆ. ಶಿಷ್ಯನು ಈಗ ಅನುಸರಿಸುವ ನಿಯಮವು ಇದೇ. ಪಾಟಿಯು ಉತ್ತರ ಹೇಳುವ ಮೊದಲು ಮನಸ್ಸಿನಲ್ಲಿ ತಾನೊಂದು ಉತ್ತರವನ್ನು ಹೇಳಿಕೊಳ್ಳುವುದು ಅವನ ಇನ್ನೊಂದು ನಿಯಮ. ಎರಡಕ್ಕೂ ಬಹಳ ಅಂತರ ಬಂದರೆ ಪಾಟಿಗೆ ಹೇಳಿದ ಗಾಳಿಯೋ ಎತ್ತರವೋ ತಪ್ಪಿದೆಯೆಂದು ಅವನಿಗೆ ತಿಳಿಯುತ್ತದೆ. ಮನೆಯಲ್ಲಿ ಮಕ್ಕಳ ಕೈಗೆ ಇಂಥ ಸಾಧನಗಳನ್ನು ಕೊಡುವ ತಂದೆತಾಯಿಗಳಿಗೂ ಈ ಎರಡನೆಯ ನಿಯಮವು ಒಪ್ಪೀತೆಂದು ನಮ್ಮ ನಂಬಿಕೆ. ಮಗ್ಗಿಯನ್ನು ಬಲ್ಲ ಹುಡುಗನಿಗೆ ಲೆಕ್ಕದ ಯಂತ್ರವು ಸೇವಕ. ಬಲ್ಲದವನಿಗೆ ಅದೇ ಯಜಮಾನ.

ಸಂಜೆಗೆ ಅವರು ಹೊರಟು ನಿಂತರು. ನಾವು ಏನನ್ನೂ ಹೇಳಿರಲಿಲ್ಲ. ಆದರೂ ತಾಯಂದಿರಿಗೆ ಹೇಗೆ ತಿಳಿಯುತ್ತದೆಯೋ ಕಾಣೆವು. ಮೆಟ್ಟಿಲಿಳಿಯುತ್ತ ಆಕೆ ಮಗನ ಕೈಯಲ್ಲಿದ್ದ ಟ್ಯಾಬ್ಲೆಟ್ಟನ್ನು ನೋಡಿ, “ತಮ್ಮಾ, ಮ್ಯಾಲ ಹೋದಾಗ ಅದನ್ನ ನೋಡಿಕೋತ ಕೂಡಬ್ಯಾಡ. ಹೊರಗ ನೋಡು,” ಎಂದಳು. ಶಿಷ್ಯನು ನಮ್ಮ ಮುಖವನ್ನು ನೋಡಿದನು. ನಾವು ಗುಡ್ಡದ ಕಡೆಗೆ ನೋಡಿದೆವು. ಬಂಡೆಗಳು ತಣ್ಣಗಾಗುತ್ತಿದ್ದವು; ಏರುಗಾಳಿಯು ನಿಂತಿದ್ದಿತು; ಕೊನೆಯ ಹದ್ದು ರೆಕ್ಕೆಯನ್ನು ಮಡಿಸಿ, ತಾನು ಮೊದಲೇ ಆರಿಸಿಟ್ಟುಕೊಂಡಿದ್ದ ಮರಕ್ಕೆ ಇಳಿಯುತ್ತಲಿತ್ತು.